ಕರೆಂಟ್ ಬಂದರೂ ತಿರುಗದ ಫ್ಯಾನು

ಕಳೆದ ಮೇ ತಿಂಗಳ ಒಂದು ಬೆಳಗ್ಗೆ ಏಳು ಗಂಟೆಗೆ ಎದ್ದು ಹಾಲ್‌ಗೆ ಬಂದೆ. ಅಪ್ಪ ಬಾಲ್ಕನಿಯ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಬನಿಯನ್ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ಹಿಂದಿನ ದಿನದ ಪೇಪರನ್ನು ಮಡಿಸಿ ಅದರಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಅವರ ಮಂಚದ ಪಕ್ಕದಲ್ಲಿ ನಮ್ಮ ಹೊಸ ಟವರ್ ಫ್ಯಾನು ಪುಟ್ಟ ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ನಿಂತಿತ್ತು.

“ಯಾವಾಗ ಆಫ್ ಆಯ್ತಪ್ಪಾ?”

“ಎರಡು ಗಂಟೆಗೆ ಕರೆಂಟ್ ಹೋಯ್ತಲ್ಲ, ಆವಾಗ.”

“ಆಮೇಲೆ ಬಂತಲ್ಲ ಕರೆಂಟು?”

“ಬಂತು. ಅದೂ ಒಂದ್ಸಲ ಕುಂಯ್ ಅಂತು. ಆಮೇಲೆ ಸುಮ್ಕಾತು.”

“ನನ್ನ ಎಬ್ಬಿಸಬಾರ್ದಿತ್ತಾ?”

“ಬೆಳಿಗ್ಗೆ ಆಫೀಸಿಗೆ ಹೋಗೋನು, ಯಾಕೆ ನಿದ್ದೆ ಕೆಡಿಸ್ಲಿ ಅಂತ ಬಿಟ್ಟೆ. ಆ ರಿಮೋಟಲ್ಲಿ ಯಾವ್ದು ಒತ್ಬೇಕೋ ಕಾಣ್ಲಿಲ್ಲ. ಕನ್ನಡಕ ಒಳಗಿತ್ತು.”

ಎರಡರಿಂದ ಏಳರವರೆಗೆ, ಐದು ಗಂಟೆ. ಎಪ್ಪತ್ತು ದಾಟಿದ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಮನುಷ್ಯ ಚೆನ್ನೈನ ಅಗ್ನಿ ನಕ್ಷತ್ರದ ರಾತ್ರಿಯಲ್ಲಿ ಐದು ಗಂಟೆ ಗಾಳಿಯಿಲ್ಲದೆ ಕೂತಿದ್ದರು. ಅದೇ ಹೊತ್ತಿನಲ್ಲಿ, ಅದೇ ಮನೆಯ ಎರಡು ರೂಮುಗಳಲ್ಲಿ ನಾವೆಲ್ಲ ಹಾಯಾಗಿ ಮಲಗಿದ್ದೆವು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದರೆ ಹತ್ತು ಹದಿನೈದು ಸೆಕೆಂಡಿನಲ್ಲಿ ಜನರೇಟರ್ ಶುರುವಾಗುತ್ತದೆ. ನಮ್ಮ ತಲೆಯ ಮೇಲಿನ ಸೀಲಿಂಗ್ ಫ್ಯಾನು ಆ ಹದಿನೈದು ಸೆಕೆಂಡಿನಲ್ಲಿ ಪೂರ್ತಿ ನಿಲ್ಲುವುದೂ ಇಲ್ಲ. ನಿಧಾನವಾಗಿ, ಮತ್ತೆ ವೇಗ ಹಿಡಿಯುತ್ತದೆ. ಹಾಗಾಗಿ ನಮಗೆ ಎಚ್ಚರವೇ ಆಗಲಿಲ್ಲ. ಅಪ್ಪನ ಫ್ಯಾನು ಮಾತ್ರ ಯಾರಾದರೂ ಬಂದು ಗುಂಡಿ ಒತ್ತಲಿ ಎಂದು ಕಾಯುತ್ತಾ ನಿಂತಿತು.

ಅವತ್ತಿನಿಂದ ಈ ವಸ್ತುವಿನ ಮೇಲೆ ನನಗೊಂದು ತಕರಾರಿದೆ. ಪರವೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನಮ್ಮಂಥವರೇ ಇದನ್ನು ಹೆಚ್ಚು ಕೊಳ್ಳುವುದರಿಂದ ಆ ತಕರಾರನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಯಾಕೆ ಕೊಂಡೆ ಅನ್ನುವುದನ್ನು ಹೇಳಬೇಕು. ನಾವಿರುವುದು ಹಳೇ ಮಹಾಬಲಿಪುರಂ ರಸ್ತೆಯ ಬದಿಯ ಎರಡು ಬೆಡ್‌ರೂಮಿನ ಫ್ಲ್ಯಾಟು. ಹಾಲ್‌ಗೆ ಅಂದವಾದ ಫಾಲ್ಸ್ ಸೀಲಿಂಗ್ ಇದೆ, ಅದರ ಅಂಚಿಗೆ ಬಣ್ಣದ ದೀಪಗಳಿವೆ, ಫ್ಯಾನ್ ಮಾತ್ರ ಇಲ್ಲ. ಚಳ್ಳಕೆರೆಯಿಂದ ಅಪ್ಪ ಅಮ್ಮ ಬೇಸಿಗೆಗೆ ಬಂದರೆ ಅಮ್ಮ ಮೊಮ್ಮಗಳ ಜೊತೆ ಚಿಕ್ಕ ರೂಮಿನಲ್ಲಿ ಮಲಗುತ್ತಾರೆ. ಅಪ್ಪನಿಗೆ ಬಾಲ್ಕನಿಯ ಪಕ್ಕವೇ ಆಗಬೇಕು. ಎ.ಸಿ. ಹಾಕಿದರೆ ಮಂಡಿ ಹಿಡಿಯುತ್ತದೆ ಅನ್ನುತ್ತಾರೆ. ಮನೆ ಓನರ್ ಗೋಡೆ ಕೊರೆಯಲು ಬಿಡುವುದಿಲ್ಲ ಅಂದುಕೊಂಡು, ಕೊರೆಯುವ ಗೊಡವೆಯಿಲ್ಲದ ವಸ್ತು ಹುಡುಕಿದೆ. ಮೂರು ಅಡಿಗಿಂತ ಎತ್ತರ, ಒಂದು ಅಡಿ ಜಾಗ, ರಿಮೋಟು, ಟೈಮರು, ಮೂರು ವೇಗ. ಪೆಟ್ಟಿಗೆಯ ಮೇಲೆ ಮಂಜಿನ ಬೆಟ್ಟದ ಚಿತ್ರ. ಎಂಟೆಕ್ ಮಾಡಿದವನು ಮಂಜಿನ ಚಿತ್ರ ನೋಡಿ ಫ್ಯಾನು ಕೊಂಡೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಅದೇ.

ಯಾವ ಫ್ಯಾನೂ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಮೋಟಾರಿನ ಬಿಸಿಯಿಂದ ಕೋಣೆಯ ಗಾಳಿ ಕೂದಲೆಳೆಯಷ್ಟು ಬೆಚ್ಚಗಾಗುತ್ತದೆಯೇ ಹೊರತು ತಂಪಾಗುವುದಿಲ್ಲ. ಫ್ಯಾನಿನ ಕೆಲಸ ಮೈಮೇಲಿನ ಬೆವರನ್ನು ಆರಿಸುವುದು. ಬೆವರು ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ನಮಗೆ ತಂಪೆನಿಸುತ್ತದೆ. ಚಳ್ಳಕೆರೆಯ ಒಣ ಹವೆಯಲ್ಲಿ ಸಣ್ಣ ಗಾಳಿಗೂ ಬೆವರು ಆರುತ್ತದೆ. ಚೆನ್ನೈನ ಕಡಲ ಹವೆಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಮೈಗೆ ಅಂಟಿಕೊಂಡೇ ಇರುತ್ತದೆ. ಇಲ್ಲಿ ಹೆಚ್ಚು ಗಾಳಿ ಬೇಕು, ಅದು ಇಡೀ ಮೈಗೆ ಬೀಳಬೇಕು, ಬಿಡುವಿಲ್ಲದೆ ಬೀಳಬೇಕು. ಈ ಮೂರರಲ್ಲೂ ಟವರ್ ಫ್ಯಾನು ಸೋಲುತ್ತದೆ.

ಗಾಳಿಯ ಪ್ರಮಾಣವನ್ನೇ ನೋಡಿ. ನಮ್ಮ ಮನೆಗಳಲ್ಲಿರುವ 1200 ಮಿಲಿಮೀಟರ್ ಸೀಲಿಂಗ್ ಫ್ಯಾನಿನ ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 210ರಿಂದ 230 ಘನ ಮೀಟರ್ ಗಾಳಿ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ನನ್ನ ಟವರ್ ಫ್ಯಾನಿನ ಪೆಟ್ಟಿಗೆಯನ್ನು ಆರೂ ಕಡೆ ತಿರುಗಿಸಿ ನೋಡಿದೆ. ಗಾಳಿ ಎಷ್ಟು ದೂರ ಹೋಗುತ್ತದೆ ಎಂದಿತ್ತು, ಎಷ್ಟು ಗಾಳಿ ಎಂದಿರಲಿಲ್ಲ. ಪಿಚಕಾರಿಯ ನೀರೂ ದೂರ ಹೋಗುತ್ತದೆ, ಅದರಲ್ಲಿ ಸ್ನಾನ ಮಾಡಲಾಗುವುದಿಲ್ಲ. ಗಾಳಿಯ ವೇಗ ಅಳೆಯುವ ಸಣ್ಣ ಮೀಟರೊಂದನ್ನು ತರಿಸಿ ಫ್ಯಾನಿನ ಬಾಯಿಗೆ ಹಿಡಿದೆ. ಎಲ್ಲಕ್ಕಿಂತ ಜೋರಿನ ವೇಗದಲ್ಲಿ ಸೆಕೆಂಡಿಗೆ ಸುಮಾರು 5 ಮೀಟರ್ ತೋರಿಸಿತು. ಗಾಳಿ ಹೊರಬರುವ ಸೀಳು 60 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲ. ಗುಣಿಸಿದರೆ ನಿಮಿಷಕ್ಕೆ 14 ಘನ ಮೀಟರ್ ಚಿಲ್ಲರೆ. ಇದು ಅಡುಗೆಮನೆಯ ಲೆಕ್ಕ, ಪ್ರಯೋಗಾಲಯದ್ದಲ್ಲ. ಹೊರಬಂದ ಗಾಳಿ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುವುದರಿಂದ ಮೈಗೆ ಸಿಗುವುದು ಇದಕ್ಕಿಂತ ಹೆಚ್ಚು. ಹಾಗಿದ್ದರೂ ಎರಡು ಸಂಖ್ಯೆಗಳ ನಡುವಿನ ದೂರ ಸಣ್ಣದಲ್ಲ.

ಇದಕ್ಕೆ ಕಾರಣ ಒಳಗಿರುವ ಯಂತ್ರ. ಟವರ್ ಫ್ಯಾನಿನೊಳಗೆ ರೆಕ್ಕೆಗಳಿಲ್ಲ. ಉದ್ದನೆಯ ಪ್ಲಾಸ್ಟಿಕ್ ಉರುಳೆ ಇರುತ್ತದೆ, ಅದರ ಸುತ್ತ ಬೆರಳಗಲದ ಹತ್ತಾರು ಬಾಗಿದ ಪಟ್ಟಿಗಳು. ಸ್ಪ್ಲಿಟ್ ಎ.ಸಿ.ಯ ಒಳಗಿನ ಪೆಟ್ಟಿಗೆಯನ್ನು ಸರ್ವಿಸ್ ಮಾಡುವಾಗ ನೋಡಿದ್ದರೆ ನಿಮಗೆ ಗುರುತು ಸಿಗುತ್ತದೆ. ಅದೇ ಉರುಳೆ, ಅಲ್ಲಿ ಅಡ್ಡ ಮಲಗಿರುತ್ತದೆ, ಇಲ್ಲಿ ನೆಟ್ಟಗೆ ನಿಂತಿರುತ್ತದೆ. ಎ.ಸಿ.ಯಲ್ಲಿ ಅದಕ್ಕೆ ಸುಲಭದ ಕೆಲಸ. ತಣ್ಣಗಿನ ಕಾಯ್ಲ್ ಮೇಲೆ ಹಾಯ್ದ ಗಾಳಿಯನ್ನು ಹೊರಗೆ ಹಾಕಿದರೆ ಸಾಕು, ಗಾಳಿಯೇ ತಂಪಾಗಿರುತ್ತದೆ. ಟವರ್ ಫ್ಯಾನಿನಲ್ಲಿ ಆ ಕಾಯ್ಲ್ ಇಲ್ಲ. ಉರುಳೆ ಒಂದೇ ಎಲ್ಲ ಕೆಲಸ ಮಾಡಬೇಕು.

ಎರಡನೆಯದು ಆಕಾರ. ಇದು ನನಗೆ ಹೊಳೆದದ್ದು ಒಂದು ರಾತ್ರಿ ಅಪ್ಪನ ಮಂಚದಲ್ಲಿ ನಾನೇ ಮಲಗಿ ನೋಡಿದ ಮೇಲೆ. ಟವರ್ ಫ್ಯಾನು ಬೀಸುವುದು ನೆಟ್ಟಗೆ ನಿಂತ ಒಂದು ಗಾಳಿಯ ಪಟ್ಟಿ. ಮನುಷ್ಯ ಮಲಗುವುದು ಅಡ್ಡ. ಮಂಚ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿದೆ, ಮಲಗಿದವನ ಮೈ ಒಂದು ಗೇಣು ದಪ್ಪ. ಮೂರಡಿ ಎತ್ತರದಿಂದ ಬರುವ ಗಾಳಿಯಲ್ಲಿ ಬಹುಪಾಲು ಮೈಯ ಮೇಲಿಂದ ಹಾದು ಎದುರಿನ ಟಿ.ವಿ.ಗೆ ಬಡಿಯುತ್ತದೆ. ಎದೆಗೆ ತಾಗಿದರೆ ಕಾಲಿಗಿಲ್ಲ, ಕಾಲಿಗೆ ತಾಗಿದರೆ ಮುಖಕ್ಕಿಲ್ಲ. ಅತ್ತಿತ್ತ ತಿರುಗುವ ಗುಂಡಿ ಒತ್ತಿದರೆ ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಸಿಗುತ್ತದೆ, ಎಲ್ಲ ಕಡೆಯೂ ಅರ್ಧ ಹೊತ್ತು ಸಿಗುವುದಿಲ್ಲ. ಆ ಸಿಗದ ಹೊತ್ತಿನಲ್ಲಿ ಚೆನ್ನೈನ ಸೊಳ್ಳೆಗಳು ತಮ್ಮ ಕೆಲಸ ಮುಗಿಸುತ್ತವೆ. ಕುರ್ಚಿಯಲ್ಲಿ ನೆಟ್ಟಗೆ ಕೂತು ಲ್ಯಾಪ್‌ಟಾಪ್ ಕುಟ್ಟುವವನಿಗೆ ಈ ಫ್ಯಾನು ಪರವಾಗಿಲ್ಲ. ಮಲಗುವವರಿಗೆ ಇದು ಹೊಂದುವುದಿಲ್ಲ.

ಮೂರನೆಯದು ಧೂಳು. ನಮ್ಮ ರಸ್ತೆಯಲ್ಲಿ ಕಟ್ಟಡ ಕೆಲಸ ನಿಂತ ದಿನವೇ ಇಲ್ಲ. ಸೀಲಿಂಗ್ ಫ್ಯಾನಿಗೆ ಹಳೇ ತಲೆದಿಂಬಿನ ಕವರ್ ಹಾಕಿ ಎಳೆದರೆ ಧೂಳೆಲ್ಲ ಅದರೊಳಗೆ. ಟೇಬಲ್ ಫ್ಯಾನಿನ ಜಾಲರಿಯ ಕ್ಲಿಪ್ ಬಿಚ್ಚಿದರೆ ರೆಕ್ಕೆ ಕೈಗೇ ಬರುತ್ತದೆ. ಟವರ್ ಫ್ಯಾನಿನ ಹಿಂದೆ ಹನ್ನೆರಡು ಸ್ಕ್ರೂ, ಅದರಲ್ಲಿ ಒಂದು ‘ತೆಗೆದರೆ ವಾರಂಟಿ ಇಲ್ಲ’ ಎಂಬ ಸ್ಟಿಕರ್ ಕೆಳಗೆ. ಎಲ್ಲ ಬಿಚ್ಚಿದರೂ ಉರುಳೆ ಹೊರಗೆ ಬರುವುದಿಲ್ಲ. ಆ ಸಣ್ಣ ಬಾಗಿದ ಪಟ್ಟಿಗಳ ನಡುವೆ ಧೂಳು ಮೆತ್ತಿಕೊಂಡು ಹದವಾಗಿ ಗಟ್ಟಿಯಾಗುತ್ತದೆ. ಪಟ್ಟಿಯ ಬಾಗು ಮುಚ್ಚಿಹೋದ ಮೇಲೆ ಗಾಳಿ ಇನ್ನೂ ಕಡಿಮೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಮೆತ್ತಿದರೆ ಉರುಳೆಯ ತೂಕ ತಪ್ಪಿ ಟಕ ಟಕ ಸದ್ದು. ಕೊಂಡಾಗ ಪಿಸುಮಾತಿನಂತಿದ್ದ ಫ್ಯಾನು ಎರಡನೇ ಬೇಸಿಗೆಗೆ ಹಿಟ್ಟಿನ ಗಿರಣಿಯ ದನಿ ತೆಗೆಯಿತು.

ನಾಲ್ಕನೆಯದು ರಿಪೇರಿ. ಸದ್ದು ತಡೆಯಲಾರದೆ ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮೇಡವಾಕ್ಕಂ ಕಡೆಯ ಎಲೆಕ್ಟ್ರಿಕಲ್ ಅಂಗಡಿಗೆ ಒಯ್ದೆ. ಅಂಗಡಿಯವರು ಮುಟ್ಟಿಯೂ ನೋಡಲಿಲ್ಲ. “ಸೀಲಿಂಗ್ ಫ್ಯಾನ್ ತನ್ನಿ, ಟೇಬಲ್ ಫ್ಯಾನ್ ತನ್ನಿ, ಮಾಡಿಕೊಡುತ್ತೇನೆ. ಇದರ ಸಾಮಾನು ನನ್ನ ಹತ್ತಿರ ಇಲ್ಲ, ಯಾರ ಹತ್ತಿರವೂ ಇಲ್ಲ” ಎಂದು ತಮಿಳಿನಲ್ಲಿ ಹೇಳಿದರು. ಸೀಲಿಂಗ್ ಫ್ಯಾನು ನಿಧಾನವಾದರೆ ಎರಡೂವರೆ ಮೈಕ್ರೋಫ್ಯಾರಡಿನ ಕಂಡೆನ್ಸರ್ ಹೋಗಿದೆ ಎಂದು ಹುಡುಗನೂ ಹೇಳುತ್ತಾನೆ. ಯಾವ ಊರಿನ ಯಾವ ಅಂಗಡಿಯಲ್ಲೂ ಸಿಗುತ್ತದೆ, ನೂರು ರೂಪಾಯಿ ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ. ಬೇರಿಂಗ್ ಹೋದರೆ ಬೇರಿಂಗ್, ವೈಂಡಿಂಗ್ ಸುಟ್ಟರೆ ವೈಂಡಿಂಗ್. ಚಳ್ಳಕೆರೆಯ ನಮ್ಮ ಮನೆಯ ನಡುಮನೆಯಲ್ಲಿರುವ ಫ್ಯಾನು ನಾನು ಹೈಸ್ಕೂಲಿಗೆ ಹೋಗುವಾಗ ಹಾಕಿಸಿದ್ದು, ಈಗಲೂ ತಿರುಗುತ್ತಿದೆ. ಟವರ್ ಫ್ಯಾನಿನ ಉರುಳೆ, ಮೇಲಿನ ಬುಷ್, ಸರ್ಕ್ಯೂಟ್ ಬೋರ್ಡ್ ಎಲ್ಲವೂ ಆ ಒಂದೇ ಮಾಡೆಲ್‌ಗೆ ಮಾಡಿದವು. ಕಂಪನಿ ಮಾಡೆಲ್ ಬದಲಾಯಿಸಿದರೆ ನಿಮ್ಮದು ಗುಜರಿ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ತೆರೆಯಿತು. ಮೊಬೈಲು, ವಾಹನ, ಕೃಷಿ ಯಂತ್ರಗಳ ಜೊತೆ ಗೃಹಬಳಕೆಯ ಸಾಮಾನುಗಳೂ ಅದರ ಪಟ್ಟಿಯಲ್ಲಿವೆ. ಒಳ್ಳೆಯದೇ. ಆದರೆ ಪೋರ್ಟಲಿನಲ್ಲಿ ಕಂಪನಿಯ ಫೋನ್ ನಂಬರ್ ಇದ್ದರೆ ಸಾಲದು, ಮೇಡವಾಕ್ಕಂನ ಅಂಗಡಿಯಲ್ಲಿ ಬಿಡಿಭಾಗ ಇರಬೇಕು.

ಇಷ್ಟೆಲ್ಲವನ್ನೂ ಸಹಿಸಬಹುದಿತ್ತು. ನಾನು ಕ್ಷಮಿಸಲಾಗದ್ದು ಐದನೆಯದನ್ನು, ಅಪ್ಪನನ್ನು ಐದು ಗಂಟೆ ಕೂರಿಸಿದ್ದನ್ನು. ಅದು ಕೆಟ್ಟುಹೋದದ್ದಲ್ಲ. ಯಾರೋ ಹಾಗೇ ಇರಲಿ ಎಂದು ಮಾಡಿದ್ದು.

ಗೋಡೆಯ ಮೇಲಿನ ರೆಗ್ಯುಲೇಟರನ್ನು ಮೂರಕ್ಕೆ ತಿರುಗಿಸಿಟ್ಟರೆ ಅದು ಮೂರರಲ್ಲೇ ಇರುತ್ತದೆ. ಕರೆಂಟ್ ಹೋದರೂ ಗುಂಡಿ ಜಾಗ ಬಿಟ್ಟು ಕದಲುವುದಿಲ್ಲ, ಬಂದ ತಕ್ಷಣ ಫ್ಯಾನು ಮೂರರಲ್ಲಿ ತಿರುಗುತ್ತದೆ. ಆ ಗುಂಡಿಯೇ ಅದರ ನೆನಪು. ಟಚ್ ಬಟನ್ನಿನ ಫ್ಯಾನಿನಲ್ಲಿ ಆ ನೆನಪು ಒಂದು ಪುಟ್ಟ ಚಿಪ್ಪಿನೊಳಗಿರುತ್ತದೆ. ಕರೆಂಟ್ ಹೋದಾಗ ಚಿಪ್ಪು ಎಲ್ಲ ಮರೆಯುತ್ತದೆ. ಮತ್ತೆ ಬಂದಾಗ ಅದು ಹೊಸದಾಗಿ ಎದ್ದು, ತನಗೆ ಬರೆದುಕೊಟ್ಟ ಮೊದಲ ಸಾಲಿನಂತೆ ಒಂದು ಸಲ ಕುಂಯ್ ಎಂದು ಸುಮ್ಮನೆ ನಿಲ್ಲುತ್ತದೆ. ಹಿಂದಿನ ವೇಗ ಎಷ್ಟಿತ್ತು ಎಂಬುದನ್ನು ಅಳಿಯದ ಜಾಗದಲ್ಲಿ ಬರೆದಿಡಲು ಒಂದೆರಡು ಬೈಟ್ ಸಾಕು. ರಿಮೋಟ್ ಇರುವ ಬಿಎಲ್‌ಡಿಸಿ ಸೀಲಿಂಗ್ ಫ್ಯಾನುಗಳಲ್ಲಿ ಎಷ್ಟೋ ಮಾಡೆಲ್‌ಗಳು ಇದನ್ನು ಮಾಡುತ್ತಿವೆ. ಅಂದರೆ ಆಗದ ಕೆಲಸವೇನಲ್ಲ, ಭಾರೀ ಖರ್ಚಿನದೂ ಅಲ್ಲ.

ನಾನೂ ದಿನಬೆಳಗಾದರೆ ಇಂಥ ತೀರ್ಮಾನಗಳನ್ನೇ ಬರೆಯುವವನು. ಸರ್ವರ್ ಬಿದ್ದು ಎದ್ದರೆ ಹಿಂದಿನ ಸ್ಥಿತಿಗೆ ಹೋಗಬೇಕೋ, ಸುಮ್ಮನೆ ಕಾಯಬೇಕೋ ಎಂದು ಮೀಟಿಂಗಿನಲ್ಲಿ ಕೂತು ಮಾತಾಡುತ್ತೇವೆ. ‘ಕಾಯಲಿ, ಅದೇ ಸೇಫ್’ ಎಂಬ ಮಾತು ನನ್ನ ಬಾಯಲ್ಲೂ ಎಷ್ಟು ಸಲ ಬಂದಿದೆಯೋ. ಕೆಲವು ಕಡೆ ಅದು ಸರಿಯೇ. ಮಿಕ್ಸಿ ತನ್ನಷ್ಟಕ್ಕೆ ಶುರುವಾಗಬಾರದು, ಇಸ್ತ್ರಿಪೆಟ್ಟಿಗೆಯೂ ಅಷ್ಟೇ. ಜಾಲರಿಯೊಳಗೆ ಬೆರಳೂ ತೂರದ ಫ್ಯಾನು ತಿರುಗಿದರೆ ಯಾರಿಗೇನು ಅಪಾಯ? ಅಪಾಯ ಇರುವುದು ಅದು ನಿಂತಾಗ. ವಯಸ್ಸಾದವರ ಮೈ ಮೊದಲಿನಷ್ಟು ಬೆವರುವುದಿಲ್ಲ, ಬಾಯಾರಿಕೆಯೂ ಬೇಗ ಗೊತ್ತಾಗುವುದಿಲ್ಲ. ಬಿಸಿಲಿನ ತಾಪಕ್ಕೆ ಮೊದಲು ಬೀಳುವವರು ಅವರು, ಕತ್ತಲಲ್ಲಿ ರಿಮೋಟ್ ಹುಡುಕಲಾಗದವರೂ ಅವರೇ. ಕರೆಂಟ್ ಹೋಗಿ ಬರುವುದು ದಿನದ ಸಂಗತಿಯಾಗಿರುವ ದೇಶದಲ್ಲಿ ಮಾರುವ ಫ್ಯಾನಿಗೆ ಇಷ್ಟು ಯೋಚನೆ ಬೇಡವೇ?

ಟವರ್ ಫ್ಯಾನಿಗೆ ಒಳ್ಳೆಯ ಗುಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಜಾಗ ಕಡಿಮೆ, ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಬೆರಳಿನ ಭಯವಿಲ್ಲ, ಮನೆ ಬದಲಿಸುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರೆ ಆಯಿತು. ತಿರುಗಿಸುವ ಗುಂಡಿಯಿರುವ ಮಾಡೆಲ್‌ಗಳಲ್ಲಿ ಕರೆಂಟ್ ಬಂದಾಗ ಮತ್ತೆ ಶುರುವಾಗುವಂಥವೂ ಇವೆ. ನಾನು ಕೇಳುವುದು ಮೂರೇ. ಗಾಳಿ ಎಷ್ಟು ದೂರ ಹೋಗುತ್ತದೆ ಎಂಬುದರ ಜೊತೆ ನಿಮಿಷಕ್ಕೆ ಎಷ್ಟು ಗಾಳಿ ಎಂಬುದನ್ನೂ ಪೆಟ್ಟಿಗೆಯ ಮೇಲೆ ಬರೆಯಿರಿ. ಉರುಳೆಯನ್ನು ಮನೆಯಲ್ಲೇ ಬಿಚ್ಚಿ ತೊಳೆಯುವಂತೆ ಮಾಡಿ. ಕರೆಂಟ್ ಬಂದಾಗ ಹಿಂದಿನ ವೇಗದಲ್ಲೇ ತಿರುಗಲಿ. ಸೀಲಿಂಗ್ ಫ್ಯಾನಿಗೆ 2023ರ ಜನವರಿಯಿಂದ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಒಂದು ವ್ಯಾಟ್ ವಿದ್ಯುತ್ತಿಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಕೊಡುತ್ತದೆ ಎಂಬ ಲೆಕ್ಕದ ಮೇಲೆ ಆ ಸ್ಟಾರ್ ಸಿಗುತ್ತದೆ. ನನ್ನ ಟವರ್ ಫ್ಯಾನಿನ ಮೇಲೆ ಒಂದು ಸ್ಟಾರೂ ಇರಲಿಲ್ಲ. ಅದೇ ಅಳತೆಗೋಲನ್ನು ಇದಕ್ಕೂ ಹಿಡಿದು ಎದ್ದು ಕಾಣುವಂತೆ ಅಂಟಿಸಿದರೆ ಮಂಜಿನ ಬೆಟ್ಟದ ಚಿತ್ರಗಳು ತಾವಾಗಿಯೇ ಕರಗುತ್ತವೆ.

ಕೊಳ್ಳುವವರಿಗೂ ಒಂದು ಮಾತು. ಮುಂದಿನ ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುವವರಿದ್ದು, ನೀವು ಫ್ಯಾನು ಹುಡುಕುತ್ತಿದ್ದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಫ್ಯಾನನ್ನು ಓಡಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ, ಹತ್ತು ಎಣಿಸಿ ಮತ್ತೆ ಆನ್ ಮಾಡಿ. ತಾನಾಗಿಯೇ ತಿರುಗಿದರೆ ಮುಂದಿನ ಮಾತು. ತಿರುಗದಿದ್ದರೆ ಪಕ್ಕದಲ್ಲಿರುವ, ನೋಡಲು ಅಷ್ಟೇನೂ ಚಂದವಿಲ್ಲದ ಪೆಡೆಸ್ಟಲ್ ಫ್ಯಾನಿನ ಕಡೆ ನಡೆಯಿರಿ. ಮನೆಗೆ ತಂದ ಮೇಲೆ ಅವರು ಮಲಗುವ ಜಾಗದಲ್ಲಿ ಒಂದು ರಾತ್ರಿ ನೀವೇ ಮಲಗಿ ನೋಡಿ. ಇನ್ನೊಂದು ವಿಷಯ, 40 ಡಿಗ್ರಿ ದಾಟಿದ ಬಿಸಿಯಲ್ಲಿ ಫ್ಯಾನನ್ನೇ ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಹೊತ್ತಿನಲ್ಲಿ ಬೀಸುವುದು ಬಿಸಿಗಾಳಿ, ಅದು ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ಹೈದರಾಬಾದು, ದೆಹಲಿಯ ಮಧ್ಯಾಹ್ನಗಳಲ್ಲಿ ಇರುವವರು ಇದನ್ನು ನೆನಪಿಡಬೇಕು.

ನಮ್ಮ ಮನೆಯ ಕತೆ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಆ ಬೆಳಗ್ಗೆ ಅಪ್ಪ ಕಾಫಿ ಕುಡಿಯುತ್ತಾ ಫಾಲ್ಸ್ ಸೀಲಿಂಗ್ ನೋಡಿ, “ಈ ಮನೆ ಕಟ್ಟಿದೋರು ಇಲ್ಲಿ ಫ್ಯಾನಿಗೆ ಕೊಂಡಿ ಬಿಡ್ದೆ ಇರ್ತಾರೇನಪ್ಪ? ಓನರ್‌ನ ಕೇಳಿದ್ಯಾ?” ಎಂದರು. ನಾನು ಕೇಳಿರಲಿಲ್ಲ. ಮೂರು ವರ್ಷದಿಂದ ತಿಂಗಳ ಮೊದಲ ವಾರ ಬಾಡಿಗೆ ಹಾಕಿ ಮೆಸೇಜ್ ಕಳಿಸುತ್ತಿದ್ದೆ, ಅದಕ್ಕಿಂತ ಹೆಚ್ಚು ಮಾತೇ ಆಡಿರಲಿಲ್ಲ. ಬಿಡುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಫೋನ್ ಮಾಡಿದೆ. ಓನರ್ ಕೂಡ ವಯಸ್ಸಾದವರು. “ಅಪ್ಪ ಬಂದಿದ್ದಾರೆಂದು ಮೊದಲೇ ಹೇಳಬಾರದಿತ್ತಾ” ಎಂದು ಅವರೇ ಎಲೆಕ್ಟ್ರಿಷಿಯನ್ ಕಳಿಸಿದರು. ಜಿಪ್ಸಮ್ ಬೋರ್ಡ್ ಕೊಯ್ದು ನೋಡಿದರೆ ಮೇಲೆ ಸ್ಲ್ಯಾಬಿನಲ್ಲಿ ಕೊಂಡಿ ಇತ್ತು, ವೈರೂ ಇತ್ತು. ಉದ್ದನೆಯ ರಾಡ್ ಹಾಕಿ ಮಧ್ಯಾಹ್ನದೊಳಗೆ ಫ್ಯಾನು ನೇತುಹಾಕಿ ಹೋದರು.

ನಾವು ಪರವೂರಿನಲ್ಲಿ ಹೊತ್ತೊಯ್ಯಲು ಸುಲಭವಾದ ಸಾಮಾನುಗಳನ್ನೇ ಆರಿಸುತ್ತೇವೆ. ಮಡಚುವ ಮೇಜು, ಗಾಳಿ ತುಂಬುವ ಹಾಸಿಗೆ, ಚಕ್ರವಿರುವ ಕಪಾಟು, ಗೋಡೆಗೆ ಮೊಳೆ ಹೊಡೆಯದ ಫ್ಯಾನು. ಇವತ್ತಲ್ಲ ನಾಳೆ ಹೊರಡುವವರು ತಾನೇ ಎಂಬ ಲೆಕ್ಕ. ಮೂರು ವರ್ಷವಾದರೂ ಆ ನಾಳೆ ಬಂದಿಲ್ಲ. ಈ ನಡುವೆ ಅಪ್ಪ ಅಮ್ಮ ಮೂರು ಬೇಸಿಗೆ ಬಂದು ಹೋಗಿದ್ದಾರೆ. ಅದರಲ್ಲಿ ಎರಡನ್ನು ನಾನು ಆ ಕಂಬದ ಮುಂದೆ ಕಳೆಯುವಂತೆ ಮಾಡಿದೆ.

ಟವರ್ ಫ್ಯಾನು ಈಗ ನನ್ನ ಮೇಜಿನ ಪಕ್ಕದಲ್ಲಿದೆ. ಕೂತು ಕೆಲಸ ಮಾಡುವವನಿಗೆ ಸಾಕು. ಈ ಲೇಖನ ಬರೆಯುವ ನಡುವೆ ಕರೆಂಟ್ ಒಂದು ಸಲ ಹೋಗಿ ಬಂತು. ಹಾಲ್‌ನಲ್ಲಿ ಸೀಲಿಂಗ್ ಫ್ಯಾನು ತಾನಾಗಿಯೇ ತಿರುಗಿತು. ಇದು ಕುಂಯ್ ಎಂದು ನಿಂತಿತು. ನಾನೇ ಎದ್ದು ಗುಂಡಿ ಒತ್ತಿದೆ.